ನೀಲಿ ಹೆಲ್ಮೆಟ್ಟಿನವರಿಗೆ ಅಗ್ಗದ ಕ್ಯಾಮೆರಾ ಸಾಕೇ?

ವಿಜಯನಗರದ ಮೇಷ್ಟ್ರು, ಮೈಸೂರು

ದ್ವಿತೀಯ ಪಿಯುಸಿ ಮಕ್ಕಳಿಗೆ ವಿಶ್ವಸಂಸ್ಥೆಯ ಪಾಠ, ಅದರಲ್ಲೂ ನೀಲಿ ಹೆಲ್ಮೆಟ್ ತೊಡುವ ಅದರ ಶಾಂತಿಪಾಲಕ ಸೈನಿಕರ ಪಾಠ ಮಾಡುತ್ತಿದ್ದಾಗ ಕೊನೆಯ ಬೆಂಚಿನ ಹುಡುಗನೊಬ್ಬ ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರಿಸಲಾಗದೆ ಇಲ್ಲಿಗೆ ಬಂದಿದ್ದೇನೆ. ಅವರ ತೋಟದ ಮನೆಗೆ ನಾಲ್ಕೈದು ಸಾವಿರ ರೂಪಾಯಿ ಕೊಟ್ಟು ಸಿಮ್ ಹಾಕುವ ಕ್ಯಾಮೆರಾ ತಂದಿದ್ದಾರಂತೆ. "ಕಾಂಗೋದಲ್ಲಿ ಊರಿಗೆ ನಾಲ್ಕರಂತೆ ಇಂಥದ್ದನ್ನೇ ಕಟ್ಟಿಬಿಟ್ಟರೆ ಅಷ್ಟೊಂದು ಸೈನಿಕರನ್ನು ಕಳಿಸುವ ಖರ್ಚು ಏಕೆ ಸಾರ್?" ಎಂದ. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ಅದು ನಗುವ ಪ್ರಶ್ನೆ ಅನ್ನಿಸಲಿಲ್ಲ.

ನನಗೆ ತಿಳಿದಿರುವುದು ಇಷ್ಟು. 2013ರ ಡಿಸೆಂಬರ್ 3ರಂದು ಕಾಂಗೋದ ಗೋಮಾ ನಗರದಲ್ಲಿ ವಿಶ್ವಸಂಸ್ಥೆ ತನ್ನ ಮೊದಲ ನಿಶ್ಶಸ್ತ್ರ ಡ್ರೋನ್ ಸೇವೆಗೆ ಚಾಲನೆ ಕೊಟ್ಟಿತು; ಅದು ಇಟಲಿಯಲ್ಲಿ ತಯಾರಾದ ಫಾಲ್ಕೋ. ಮುಂದೆ 2021ರ ಆಗಸ್ಟ್ 18ರಂದು, ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನ ಭಾರತದ ಸರದಿಯಲ್ಲಿದ್ದಾಗ, ಸಚಿವ ಜೈಶಂಕರ್ ಅವರ ಅಧ್ಯಕ್ಷತೆಯಲ್ಲಿ ತಂತ್ರಜ್ಞಾನ ಮತ್ತು ಶಾಂತಿಪಾಲನೆಯ ಬಗ್ಗೆಯೇ ಚರ್ಚೆ ನಡೆಯಿತು. ಶಾಂತಿಪಾಲಕರ ಸುತ್ತಲಿನ ಪರಿಸ್ಥಿತಿಯನ್ನು ಒಂದೇ ಪರದೆಯ ಮೇಲೆ ತೋರಿಸುವ ಯುನೈಟ್ ಅವೇರ್ ಎಂಬ ವ್ಯವಸ್ಥೆಗೆ ಭಾರತ 16.4 ಲಕ್ಷ ಡಾಲರ್ ಕೊಟ್ಟಿತು. ಇವೆಲ್ಲ ದೊಡ್ಡ ಮೊತ್ತದ ಮಾತುಗಳಾದವು. ಆ ಹುಡುಗ ಕೇಳಿದ್ದು ಅಂಗಡಿಯಲ್ಲಿ ಸಿಗುವ ಕ್ಯಾಮೆರಾ, ಕೈಯಿಂದ ಹಾರಿಸುವ ಡ್ರೋನ್, ನೆಲದಲ್ಲಿ ಹೂಳುವ ಸೆನ್ಸರ್‌ಗಳ ಬಗ್ಗೆ. ಅವುಗಳಿಂದ ನಿಜವಾಗಿ ಏನಾದರೂ ಆಗುತ್ತದೆಯೇ? ಸೈನ್ಯದಲ್ಲಿದ್ದವರು ಮತ್ತು ಎಲೆಕ್ಟ್ರಾನಿಕ್ಸ್ ಬಲ್ಲವರು ದಯವಿಟ್ಟು ಹೇಳಬೇಕು.

ನಾಲೆ ಬಯಲು, ಪಾಂಡವಪುರ

ಮೇಷ್ಟ್ರೇ, ಕಾಂಗೋದ ವಿಷಯ ನನಗೆ ಗೊತ್ತಿಲ್ಲ, ನಮ್ಮ ಪಂಪ್‌ಸೆಟ್ಟಿನ ವಿಷಯ ಗೊತ್ತು. ಎರಡು ಸಲ ತಾಮ್ರದ ಕೇಬಲ್ ಕತ್ತರಿಸಿಕೊಂಡು ಹೋದರೆಂದು ನಾನೂ ಅಂಥದ್ದೇ ಸೋಲಾರ್ ಕ್ಯಾಮೆರಾ ತಂದು ಹುಣಸೆ ಮರಕ್ಕೆ ಕಟ್ಟಿದೆ. ಒಂದು ರಾತ್ರಿ ಎರಡೂಕಾಲಿಗೆ ಮೊಬೈಲ್ ಕುಯ್ಯೆಂದಿತು. ನೋಡಿದರೆ, ತಲೆಗೆ ಟವೆಲ್ ಸುತ್ತಿಕೊಂಡ ಇಬ್ಬರು ನೆಮ್ಮದಿಯಾಗಿ ಕುಳಿತು ಕೇಬಲ್ ಕತ್ತರಿಸುತ್ತಿದ್ದಾರೆ. ಗದ್ದೆ ಮನೆಯಿಂದ ಎರಡೂವರೆ ಕಿಲೋಮೀಟರ್. ಪಕ್ಕದ ಮನೆಯವರನ್ನು ಎಬ್ಬಿಸಿ, ಬೈಕ್ ತೆಗೆದು ಹೋಗುವಷ್ಟರಲ್ಲಿ ಅವರು ಕೆಲಸ ಮುಗಿಸಿ, ಹೋಗುವಾಗ ಕ್ಯಾಮೆರಾವನ್ನೂ ಬಿಚ್ಚಿಕೊಂಡು ಹೋಗಿದ್ದರು. ಮರದ ಮೇಲೆ ಎತ್ತರದಲ್ಲಿದ್ದ ಸೋಲಾರ್ ಫಲಕ ಮಾತ್ರ ಕೈಗೆಟುಕದೆ ಉಳಿಯಿತು. ನನ್ನ ಆಸ್ತಿ ಕಳುವಾಗುವುದನ್ನು ನಾನೇ ನೇರಪ್ರಸಾರದಲ್ಲಿ ನೋಡಿದಂತಾಯಿತು. ನಿಮ್ಮ ಶಿಷ್ಯನಿಗೆ ಇಷ್ಟು ಹೇಳಿ.

ಹಳೇ ಹವಾಲ್ದಾರ, ಮದ್ದೂರು

ಪಾಂಡವಪುರದವರು ಎರಡು ಮಾತಿನಲ್ಲಿ ಹೇಳಿದ್ದನ್ನು ನಾನು ಉದ್ದವಾಗಿ ಹೇಳುತ್ತೇನೆ, ಬೇಸರಿಸಬೇಡಿ. 2011ರಲ್ಲಿ ನಾನು ಕಾಂಗೋದ ಉತ್ತರ ಕಿವು ಪ್ರಾಂತದಲ್ಲಿ, ವಿಶ್ವಸಂಸ್ಥೆಯ ಪಡೆಯಲ್ಲಿದ್ದ ನಮ್ಮ ಭಾರತದ ಬ್ರಿಗೇಡಿನಲ್ಲಿದ್ದೆ. ನಮ್ಮ ಕಂಪನಿಯ ನೆಲೆ ಒಂದು ಗುಡ್ಡದ ಮೇಲಿತ್ತು. ಎದುರಿನ ಗುಡ್ಡದ ಊರು ಬರಿಗಣ್ಣಿಗೆ ಕಾಣುತ್ತಿತ್ತು, ಆದರೆ ಅಲ್ಲಿಗೆ ಹೋಗಬೇಕಾದರೆ ಕಣಿವೆಗಿಳಿದು, ಕೆಸರಿನ ದಾರಿಯಲ್ಲಿ ಗಾಡಿ ನೂಕಿಕೊಂಡು ಮೂರು ಗಂಟೆ ಬೇಕಾಗುತ್ತಿತ್ತು. ರಾತ್ರಿ ಅಲ್ಲಿ ಬೆಂಕಿ ಕಂಡರೆ ಅದು ಮನೆ ಸುಡುವ ಬೆಂಕಿಯೋ, ಹೊಲ ಸುಡುವ ಬೆಂಕಿಯೋ ಎಂದು ತಿಳಿಯುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಕೈಯಲ್ಲಿ ಒಂದು ಸಣ್ಣ ಡ್ರೋನ್ ಇದ್ದಿದ್ದರೆ ಎಂದು ಈಗ ಅನ್ನಿಸುತ್ತದೆ. ಗೋಮಾದಲ್ಲಿ ದೊಡ್ಡ ಡ್ರೋನ್ ಬಂದಾಗ ನಾನು ಊರು ಸೇರಿ ವರ್ಷವಾಗಿತ್ತು.

ನಮ್ಮ ಕಾಲದಲ್ಲಿ ಕೆಲಸಕ್ಕೆ ಬಂದ ತಂತ್ರಜ್ಞಾನವೆಂದರೆ ಮಾಮೂಲಿ ಮೊಬೈಲ್ ಫೋನು. 2008ರ ನವೆಂಬರಿನಲ್ಲಿ ಕಿವಾಂಜಾ ಎಂಬಲ್ಲಿ ಶಾಂತಿಪಾಲಕರ ನೆಲೆಯ ಸಮೀಪದಲ್ಲೇ ನೂರೈವತ್ತರಷ್ಟು ಜನರ ಹತ್ಯೆಯಾಯಿತು. ಪಕ್ಕದ ಬೀದಿಯಲ್ಲಿ ಏನಾಗುತ್ತಿದೆ ಎಂದು ಹೇಳುವವರು ಇರಲಿಲ್ಲ, ಹೇಳಿದರೂ ಭಾಷೆ ತಿಳಿಯುತ್ತಿರಲಿಲ್ಲ. ಆ ಬಳಿಕ ಸ್ಥಳೀಯ ಭಾಷೆ ಬಲ್ಲ ಸಹಾಯಕರನ್ನು ನೆಲೆಗಳಿಗೆ ಹಾಕಿದರು. ಊರಿನ ಹಿರಿಯರಿಗೆ, ಚರ್ಚಿನವರಿಗೆ, ಸಂತೆಯ ಹೆಂಗಸರಿಗೆ ಫೋನು ಕೊಟ್ಟು, ಅಪಾಯ ಕಂಡರೆ ಕರೆ ಮಾಡಿ ಎಂದು ಜಾಲ ಕಟ್ಟಿದರು. ಒಂದು ಕ್ಯಾಮೆರಾಕ್ಕೆ ಬಂದೂಕು ಹಿಡಿದವನು ಮಾತ್ರ ಕಾಣುತ್ತಾನೆ. ಸಂತೆಯ ಹೆಂಗಸಿಗೆ ಅವನು ಯಾರ ಮಗ, ಯಾವ ಗುಂಪಿನವನು, ನಿನ್ನೆ ಯಾರ ಮನೆಯಲ್ಲಿ ಉಂಡ ಎಂಬುದೆಲ್ಲ ಗೊತ್ತಿರುತ್ತದೆ.

ಗೋಕುಲಂ ಎಲೆಕ್ಟ್ರಾನಿಕ್ಸ್

ಹವಾಲ್ದಾರರ ಅನುಭವಕ್ಕೆ ತಲೆಬಾಗುತ್ತೇನೆ, ಆದರೆ ಯಂತ್ರವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಸಿನಾಯ್ ಮರುಭೂಮಿಯ ಉದಾಹರಣೆ ನೋಡಿ. 1975ರ ಒಪ್ಪಂದದ ನಂತರ ಈಜಿಪ್ಟ್ ಮತ್ತು ಇಸ್ರೇಲ್ ನಡುವೆ ಮಿಟ್ಲಾ ಮತ್ತು ಗಿಡ್ಡಿ ಕಣಿವೆಗಳನ್ನು ಕಾಯಲು ಅಮೆರಿಕ ಸೈನಿಕರನ್ನು ಕಳಿಸಲಿಲ್ಲ. ಗರಿಷ್ಠ 200 ಮಂದಿ ನಾಗರಿಕರನ್ನು ಕೂರಿಸಿ, ನೆಲದ ಕಂಪನ ಮತ್ತು ಸದ್ದನ್ನು ಹಿಡಿಯುವ ಸೆನ್ಸರ್‌ಗಳನ್ನು ಹೂತಿತು. 1976ರಿಂದ 1982ರವರೆಗೆ ಆ ವ್ಯವಸ್ಥೆ ನಡೆಯಿತು. ಆಗ ಅದು ಒಂದು ಸರ್ಕಾರ ಮಾತ್ರ ಮಾಡಬಹುದಾಗಿದ್ದ ಕೆಲಸ. ಈಗ ನೆಲದ ಕಂಪನ ಹಿಡಿಯುವ ಜಿಯೋಫೋನು ಕೆಲವು ಸಾವಿರಕ್ಕೆ ಬರುತ್ತದೆ, ಮೈಬಿಸಿ ಹಿಡಿಯುವ ಪಿಐಆರ್ ಸೆನ್ಸರ್ ನೂರು ರೂಪಾಯಿಯೊಳಗೆ ಸಿಗುತ್ತದೆ, ಮೊಬೈಲ್ ಟವರ್ ಇಲ್ಲದ ಕಡೆಯಿಂದಲೂ ಲೋರಾ ರೇಡಿಯೊ ಮೂಲಕ ಕೆಲವು ಕಿಲೋಮೀಟರ್ ದೂರಕ್ಕೆ ಸಣ್ಣ ಸಂದೇಶ ಕಳಿಸಬಹುದು. ಇವನ್ನೆಲ್ಲ ಒಂದು ಟಿಫನ್ ಡಬ್ಬಿಯಲ್ಲಿ ಕೂರಿಸಿ ನಾನೇ ನಮ್ಮ ತಾರಸಿಯ ಮೇಲೆ ಪರೀಕ್ಷಿಸಿದ್ದೇನೆ.

ಒಂಟಿಕೊಪ್ಪಲು ಓದುಗ

ತಾರಸಿಯ ಮೇಲೆ ಯಾರು ದಾಳಿ ಮಾಡಿದರು ಸ್ವಾಮಿ?

ಗೋಕುಲಂ ಎಲೆಕ್ಟ್ರಾನಿಕ್ಸ್

ಕೋತಿಗಳು. ಒಂದು ವಾರದಲ್ಲಿ ಹನ್ನೊಂದು ಸಲ. ಯಂತ್ರ ಹನ್ನೊಂದು ಸಲವೂ ಸರಿಯಾಗಿ ಕೂಗಿತು, ನಗಬೇಡಿ.

ಕೊಡಗಿನ ಮೊಮ್ಮಗಳು, ಸರಸ್ವತಿಪುರಂ

ಈ ಮಾತು ಬಂದಾಗ ಸೈಪ್ರಸ್ಸನ್ನು ಬಿಟ್ಟರೆ ನಮ್ಮವರಿಗೇ ಅನ್ಯಾಯ ಮಾಡಿದಂತಾಗುತ್ತದೆ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು ಅಲ್ಲಿನ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದಾಗಲೇ 1965ರ ಡಿಸೆಂಬರ್ 18ರಂದು ತೀರಿಕೊಂಡರು. ಅವರು ಕಾಯ್ದ, ದ್ವೀಪದ ಗ್ರೀಕರನ್ನೂ ತುರ್ಕರನ್ನೂ ಬೇರೆಯಾಗಿಡುವ 180 ಕಿಲೋಮೀಟರ್ ಉದ್ದದ ಬಫರ್ ವಲಯದಲ್ಲಿ ಈಗ ಸಿಸಿಟಿವಿ ಕ್ಯಾಮೆರಾಗಳಿವೆ. 2004-05ರ ಸುಮಾರಿಗೆ ಅಲ್ಲಿನ ಸೈನಿಕರ ಸಂಖ್ಯೆಯನ್ನು 1,200ರಿಂದ 860ಕ್ಕೆ ಇಳಿಸಿ, ಕಾವಲು ಗೋಪುರಗಳಲ್ಲಿ ನಿಲ್ಲುವುದನ್ನು ಕಡಿಮೆ ಮಾಡಿ ಓಡಾಡಿ ಕಾಯುವ ಕ್ರಮ ತಂದರು. ಅಂದರೆ ಮೇಷ್ಟ್ರ ಶಿಷ್ಯ ಹೇಳಿದ್ದು ಒಂದು ಜಾಗದಲ್ಲಾದರೂ ನಿಜವಾಗಿದೆ.

ಇತಿಹಾಸದ ಹುಚ್ಚು, ಶ್ರೀರಂಗಪಟ್ಟಣ

ಒಂದು ತಿದ್ದುಪಡಿ, ಮೇಡಂ. ದ್ವೀಪದ ಉದ್ದಕ್ಕೂ ಹಬ್ಬಿದ ಬಫರ್ ವಲಯ ಆದದ್ದು 1974ರ ಯುದ್ಧದ ನಂತರ; ತಿಮ್ಮಯ್ಯನವರ ಕಾಲದಲ್ಲಿ ಅದಿರಲಿಲ್ಲ. ಆಗ ಇದ್ದದ್ದು ನಿಕೋಸಿಯಾ ನಗರವನ್ನು ಇಬ್ಭಾಗ ಮಾಡಿದ ಹಸಿರು ಗೆರೆ. 1963ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನಾಧಿಕಾರಿಯೊಬ್ಬರು ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಎಳೆದದ್ದರಿಂದ ಅದಕ್ಕೆ ಆ ಹೆಸರು.

ಮೇಷ್ಟ್ರಿಗೂ ಒಂದು ಸೇರ್ಪಡೆ ಇದೆ. ಗೋಮಾದ ಡ್ರೋನ್ ವಿಶ್ವಸಂಸ್ಥೆಯ ಮೊದಲ ಡ್ರೋನ್ ಇರಬಹುದು, ಆಕಾಶದಿಂದ ನೋಡಿದ್ದು ಅದೇ ಮೊದಲಲ್ಲ. ಅದೇ ಕಾಂಗೋದಲ್ಲಿ 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಜೆಟ್ ವಿಮಾನಗಳು ವಿಶ್ವಸಂಸ್ಥೆಗಾಗಿ ಮೇಲಿನಿಂದ ಫೋಟೊ ತೆಗೆದಿದ್ದವು. ನಮ್ಮ ವಾಯುಪಡೆಯ ಕ್ಯಾನ್‌ಬೆರಾ ವಿಮಾನಗಳೂ ಅಲ್ಲಿಗೆ ಹೋಗಿದ್ದವು. ಐವತ್ತು ವರ್ಷಗಳಲ್ಲಿ ಬದಲಾದದ್ದು ಬೆಲೆ.

ಕಾಡು ಸುತ್ತುವವನು, ಹುಣಸೂರು

ಅಗ್ಗದ ಕ್ಯಾಮೆರಾವನ್ನು ವರ್ಷಗಟ್ಟಲೆ ಕಾಡಿನಲ್ಲಿ ಕಟ್ಟಿದವನಾಗಿ ಎರಡು ಮಾತು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ಹುಲಿ ಎಣಿಕೆಗೆ ಕ್ಯಾಮೆರಾ ಟ್ರ್ಯಾಪ್ ಬಳಸಿದ ಮೇಲೆ ಈ ವಿದ್ಯೆ ದೇಶವೆಲ್ಲ ಹಬ್ಬಿತು. ನಾನು ಸ್ವಯಂಸೇವಕನಾಗಿ ಅವನ್ನು ಕಟ್ಟಲು ಹೋಗುತ್ತಿದ್ದೆ. ಒಂದು ಕ್ಯಾಮೆರಾಕ್ಕೆ ಎಂಟು ಎಎ ಬ್ಯಾಟರಿ, ಒಂದು ಮೆಮೊರಿ ಕಾರ್ಡ್. ಮೊಣಕಾಲೆತ್ತರಕ್ಕೆ ಮರಕ್ಕೆ ಬಿಗಿದು, ಎದುರಿನ ಹುಲ್ಲನ್ನು ಕುಡುಗೋಲಿನಿಂದ ಸವರಿ ಬರಬೇಕು. ಒಂದು ಸಲ ಸವರುವುದನ್ನು ಮರೆತೆ. ಮರಳಿ ಹೋಗಿ ಕಾರ್ಡ್ ತೆಗೆದು ನೋಡಿದರೆ ನಾಲ್ಕು ಸಾವಿರಕ್ಕೂ ಹೆಚ್ಚು ಫೋಟೊ, ಎಲ್ಲವೂ ಗಾಳಿಗೆ ತೂಗುವ ಅದೇ ಹುಲ್ಲಿನ ಗರಿ. ಇನ್ನೊಂದರ ಒಳಗೆ ಇರುವೆ ಗೂಡು ಕಟ್ಟಿ ಲೆನ್ಸಿನ ಮುಂದೆಯೇ ಮೊಟ್ಟೆ ಜೋಡಿಸಿತ್ತು. ಮತ್ತೊಂದನ್ನು ಆನೆ ಕಿತ್ತು ತುಳಿದಿತ್ತು; ಅದರ ಕೊನೆಯ ಫೋಟೊ ಸೊಂಡಿಲಿನ ತುದಿಯದು.

ನಾನು ಹೇಳಬೇಕೆಂದಿರುವುದು ಇದು: ಕ್ಯಾಮೆರಾದ ಬೆಲೆ ಅಗ್ಗವಾಗಿರಬಹುದು, ಅದರ ಹಿಂದೆ ನಡೆಯುವ ಕಾಲುಗಳ ಬೆಲೆ ಅಗ್ಗವಲ್ಲ. ಬ್ಯಾಟರಿ ಬದಲಿಸುವವರು, ಕಾರ್ಡ್ ತರುವವರು, ಹತ್ತಾರು ಸಾವಿರ ಫೋಟೊಗಳಲ್ಲಿ ಬೇಕಾದ ಒಂದನ್ನು ಹುಡುಕುವವರು ಬೇಕು. ಗೋಕುಲಂ ಸಾರ್ ತೋರಿಸಿದ ಪಿಐಆರ್ ಸೆನ್ಸರ್ ಕೂಡ ಸುತ್ತಲಿಗಿಂತ ಮೈ ಎಷ್ಟು ಬಿಸಿಯಾಗಿದೆ ಎಂಬ ವ್ಯತ್ಯಾಸವನ್ನು ನೋಡುವಂಥದ್ದು. ಏಪ್ರಿಲ್ ಮಧ್ಯಾಹ್ನ ಗಾಳಿಯೇ ಮೈಯಷ್ಟು ಬಿಸಿಯಾದಾಗ ಅದರ ಮುಂದೆ ಮನುಷ್ಯ ನಡೆದುಹೋದರೂ ಅದು ಸುಮ್ಮನಿರುವ ಸಾಧ್ಯತೆ ಉಂಟು.

ವಕೀಲೆ, ಲಕ್ಷ್ಮೀಪುರಂ

ಎಲ್ಲರೂ ಯಂತ್ರ ಕೆಲಸ ಮಾಡುತ್ತದೆಯೇ ಎಂದು ಕೇಳುತ್ತಿದ್ದೀರಿ. ಅದನ್ನು ಕಟ್ಟಲು ಯಾರ ಅನುಮತಿ ಇದೆ, ಚಿತ್ರ ಯಾರ ಸ್ವತ್ತು ಎಂದು ಯಾರೂ ಕೇಳಲಿಲ್ಲ. ಶಾಂತಿಪಾಲನೆ ಆತಿಥೇಯ ದೇಶದ ಒಪ್ಪಿಗೆಯ ಮೇಲೆ ನಿಂತ ವ್ಯವಸ್ಥೆ. ಗೋಮಾದ ಡ್ರೋನ್ ಪ್ರಸ್ತಾಪ ಬಂದಾಗ ನೆರೆಯ ರುವಾಂಡ ತಕರಾರು ಎತ್ತಿತ್ತು. ಆಫ್ರಿಕವು ವಿದೇಶಿ ಬೇಹುಗಾರಿಕೆ ಯಂತ್ರಗಳ ಪ್ರಯೋಗಶಾಲೆ ಆಗಬಾರದು ಎಂಬುದು ಅದರ ವಾದವಾಗಿತ್ತು. ವಿಶ್ವಸಂಸ್ಥೆಗೆ ಬೇಹುಗಾರಿಕೆ ಎಂಬ ಪದವೇ ಮುಜುಗರದ್ದು. ಶಾಂತಿಪಾಲನೆಯಲ್ಲಿ ಗುಪ್ತ ಮಾಹಿತಿಯನ್ನು ಹೇಗೆ ನಿರ್ವಹಿಸಬೇಕೆಂಬ ನೀತಿಯನ್ನು ಅದು ಬರೆದುಕೊಂಡದ್ದೇ 2017ರಲ್ಲಿ.

ಇನ್ನು ಹವಾಲ್ದಾರರು ಹೇಳಿದ ಫೋನು. ಆ ಸಂತೆಯ ಹೆಂಗಸಿನ ಸೆರಗಿನಲ್ಲಿ ವಿಶ್ವಸಂಸ್ಥೆ ಕೊಟ್ಟ ಫೋನು ಇದೆ ಎಂದು ಬಂದೂಕಿನವನಿಗೆ ತಿಳಿದರೆ ಅವಳ ಗತಿ ಏನು? ಅವಳಿಗೆ ಆ ಅಪಾಯವನ್ನು ಯಾರಾದರೂ ವಿವರಿಸಿ ಒಪ್ಪಿಗೆ ಪಡೆದಿದ್ದರೇ?

ಹಳೇ ಹವಾಲ್ದಾರ, ಮದ್ದೂರು

ವಕೀಲರೇ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಜೊತೆಗಿದ್ದ ಸ್ವಾಹಿಲಿ ಬಲ್ಲ ಸಹಾಯಕ ಇದನ್ನೇ ಹೇಳುತ್ತಿದ್ದ. ಆದ್ದರಿಂದ ಅವನು ನಮ್ಮ ಗಾಡಿಯಲ್ಲಿ ಊರೊಳಗೆ ಬಂದಾಗ ಫೋನು ಇಟ್ಟುಕೊಂಡವರ ಮನೆಗೆ ಹೋಗುತ್ತಿರಲಿಲ್ಲ, ಅವರ ಮುಖವನ್ನೂ ನೋಡುತ್ತಿರಲಿಲ್ಲ. ಸಂತೆಯ ದಿನ ತಾನೊಬ್ಬನೇ ಹೋಗಿ ಬಾಳೆಕಾಯಿ ಚೌಕಾಸಿ ಮಾಡುವವನಂತೆ ನಿಂತು ಮಾತಾಡಿ ಬರುತ್ತಿದ್ದ.

ನಾಲೆ ಬಯಲು, ಪಾಂಡವಪುರ

ವಕೀಲರ ಮಾತು ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗುತ್ತದೆ. ಬಿಳಿಗುಂಡ್ಲುವಿನಲ್ಲಿ ಕಾವೇರಿ ನೀರನ್ನು ಅಳೆಯುವುದು ಕರ್ನಾಟಕವೂ ಅಲ್ಲ, ತಮಿಳುನಾಡೂ ಅಲ್ಲ, ಕೇಂದ್ರ ಜಲ ಆಯೋಗ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿಗೆ ಬಿಡಬೇಕಾದ 192 ಟಿಎಂಸಿಯನ್ನು 177.25ಕ್ಕೆ ಇಳಿಸಿದಾಗಲೂ ಆ ನೀರು ಲೆಕ್ಕಕ್ಕೆ ಬರುವ ಜಾಗ ಅದೇ. ಎಷ್ಟು ಬಿಡಬೇಕು ಎಂಬುದಕ್ಕೆ ನಾವು ಮಂಡ್ಯದಲ್ಲಿ ಹೆದ್ದಾರಿ ತಡೆದಿದ್ದೇವೆ, ಮುಂದೆಯೂ ತಡೆಯುತ್ತೇವೆ. ಆದರೆ ಅಳೆಯುವ ಕೋಲು ನಮ್ಮ ಇಂಜಿನಿಯರ ಕೈಯಲ್ಲಿದ್ದಿದ್ದರೆ ಅವರು ನಂಬುತ್ತಿರಲಿಲ್ಲ, ಅವರ ಕೈಯಲ್ಲಿದ್ದಿದ್ದರೆ ನಾವು ನಂಬುತ್ತಿರಲಿಲ್ಲ. ಊರಿನ ಮಟ್ಟದಲ್ಲೂ ಹಿಂದೆ ಇದೇ ಕ್ರಮವಿತ್ತು. ತೂಬಿನಿಂದ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುತ್ತಿದ್ದವನು ನೀರುಗಂಟಿ. ಅವನ ಬಳಿ ಇದ್ದದ್ದು ಒಂದು ಗುದ್ದಲಿ, ಅಷ್ಟೇ. ಅವನು ಒಂದು ಕಡೆಯವರ ಮನೆಯಲ್ಲಿ ಕಾಫಿ ಕುಡಿದ ಸುದ್ದಿ ಹಬ್ಬಿದರೆ ಮಾರನೆಯ ದಿನ ಅವನ ಮಾತು ನಡೆಯುತ್ತಿರಲಿಲ್ಲ.

ಗೋಕುಲಂ ಎಲೆಕ್ಟ್ರಾನಿಕ್ಸ್

ಉಪಮೆ ಚೆನ್ನಾಗಿದೆ, ಆದರೆ ನೀರು ತಾನು ಹರಿದದ್ದನ್ನು ಮುಚ್ಚಿಡುವುದಿಲ್ಲ, ಜನ ಮುಚ್ಚಿಡುತ್ತಾರೆ. ಅಲ್ಲಿಯೇ ಯಂತ್ರದ ಪ್ರಯೋಜನ. ಪೂರ್ವ ಉಕ್ರೇನಿನಲ್ಲಿ 2014ರಿಂದ 2022ರವರೆಗೆ ಓಎಸ್‌ಸಿಇ ಎಂಬ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆಯ ನಿಶ್ಶಸ್ತ್ರ ವೀಕ್ಷಕರು ಕದನ ವಿರಾಮದ ಮೇಲೆ ಕಣ್ಣಿಟ್ಟಿದ್ದರು. ಕತ್ತಲಾದ ಮೇಲೆ ಗಸ್ತು ಹೋಗುವುದು ಅಪಾಯ, ಗುಂಡಿನ ಕಾಳಗ ಜೋರಾಗುವುದು ಕತ್ತಲಲ್ಲಿಯೇ. ಅದಕ್ಕೆ ಅವರು ಕಂಬಗಳ ಮೇಲೆ ಕ್ಯಾಮೆರಾ ಹಾಕಿದರು, ಸಣ್ಣ ದೊಡ್ಡ ಡ್ರೋನ್‌ಗಳನ್ನು ಹಾರಿಸಿದರು. ಪಾಂಡವಪುರದವರಿಗೆ ಇಷ್ಟವಾಗುವ ಸಂಗತಿಯೆಂದರೆ, ಅಂಥ ಒಂದು ಕ್ಯಾಮೆರಾ ಇದ್ದದ್ದು ಡೊನೆಟ್ಸ್ಕ್ ಬಳಿಯ ನೀರು ಶುದ್ಧೀಕರಣ ಘಟಕದಲ್ಲಿ. ಎರಡು ಸೈನ್ಯಗಳ ನಡುವೆ ಸಿಕ್ಕಿಬಿದ್ದಿದ್ದ ಆ ಘಟಕ ಎರಡೂ ಕಡೆಯ ಜನರಿಗೆ ನೀರು ಕೊಡುತ್ತಿತ್ತು. ಅಲ್ಲಿ ಬಿದ್ದ ಗುಂಡುಗಳ ಎಣಿಕೆ ವೀಕ್ಷಕರ ದಿನನಿತ್ಯದ ವರದಿಯಲ್ಲಿ ಪ್ರಕಟವಾಗುತ್ತಿತ್ತು.

ವಕೀಲೆ, ಲಕ್ಷ್ಮೀಪುರಂ

ಎಣಿಸಿದರು, ಪ್ರಕಟಿಸಿದರು. ಗುಂಡು ನಿಂತಿತೇ?

ಗೋಕುಲಂ ಎಲೆಕ್ಟ್ರಾನಿಕ್ಸ್

ನಿಲ್ಲಲಿಲ್ಲ. ಡ್ರೋನ್‌ಗಳ ಸಿಗ್ನಲ್ ಕೆಡಿಸಿದರು, ಕೆಲವನ್ನು ಹೊಡೆದುರುಳಿಸಿದರು. ಒಪ್ಪುತ್ತೇನೆ. ಆದರೂ ಸುಳ್ಳು ಹೇಳುವುದು ಮೊದಲಿನಷ್ಟು ಸಲೀಸಾಗಿರಲಿಲ್ಲ. ಇನ್ನು ಗೋಮಾದ ಡ್ರೋನ್ 2014ರ ಮೇ ತಿಂಗಳಿನಲ್ಲಿ ಕಿವು ಸರೋವರದಲ್ಲಿ ಮಗುಚಿದ ದೋಣಿಯನ್ನು ಕಂಡು ತಿಳಿಸಿದ್ದರಿಂದ ಹಲವರ ಪ್ರಾಣ ಉಳಿಯಿತು. ಅಲ್ಲಿ ಯಾರ ಅಭ್ಯಂತರವೂ ಇರಲಿಲ್ಲ.

ಇತಿಹಾಸದ ಹುಚ್ಚು, ಶ್ರೀರಂಗಪಟ್ಟಣ

ಅಲ್ಲಿ ಪ್ರಾಣ ಉಳಿದದ್ದು ನೋಡಿದ ಕೂಡಲೇ ರಕ್ಷಣಾ ದೋಣಿಗಳು ಹೊರಟವು ಎಂಬ ಕಾರಣಕ್ಕೆ. ಇದರ ತದ್ವಿರುದ್ಧ ರುವಾಂಡದಲ್ಲಿದೆ. 1994ರ ಜನವರಿ 11ರಂದು ಅಲ್ಲಿನ ವಿಶ್ವಸಂಸ್ಥೆಯ ಪಡೆಯ ದಂಡನಾಯಕ ಡಾಲೇರ್ ನ್ಯೂಯಾರ್ಕಿನ ಕೇಂದ್ರ ಕಚೇರಿಗೆ ತಂತಿ ಕಳಿಸಿ, ಶಸ್ತ್ರಾಸ್ತ್ರಗಳನ್ನು ಬಚ್ಚಿಟ್ಟ ಜಾಗ ಗೊತ್ತಾಗಿದೆ, ದಾಳಿ ಮಾಡುತ್ತೇನೆ ಎಂದು ತಿಳಿಸಿದರು. ಅನುಮತಿ ಸಿಗಲಿಲ್ಲ. ಏಪ್ರಿಲಿನಲ್ಲಿ ನರಮೇಧ ಶುರುವಾಯಿತು. ಆ ಮಾಹಿತಿ ಕೊಟ್ಟದ್ದು ಯಾವ ಸೆನ್ಸರೂ ಅಲ್ಲ, ಒಬ್ಬ ಮನುಷ್ಯ. ಮಾಹಿತಿ ಮೂರು ತಿಂಗಳು ಮೊದಲೇ ಮೇಜಿನ ಮೇಲಿತ್ತು.

ಒಂಟಿಕೊಪ್ಪಲು ಓದುಗ

ಅಂದರೆ ಮತ್ತೆ ಪಾಂಡವಪುರದ ಪಂಪ್‌ಸೆಟ್ಟಿಗೇ ಬಂದೆವು.

ವಿಜಯನಗರದ ಮೇಷ್ಟ್ರು, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಹುಡುಗನ ಪ್ರಶ್ನೆಯ ಹಣದ ಭಾಗ ಇನ್ನೂ ಉಳಿದಿದೆ. ಇಂಥ ಸಣ್ಣ ಸಾಮಾನನ್ನು ಕೊಳ್ಳಬೇಕಾದವರು ಯಾರು? ವಿಶ್ವಸಂಸ್ಥೆಯೋ, ಸೈನಿಕರನ್ನು ಕಳಿಸುವ ನಮ್ಮಂಥ ದೇಶವೋ?

ಹಳೇ ಹವಾಲ್ದಾರ, ಮದ್ದೂರು

ಸೈನಿಕನ ಲೆಕ್ಕ ಬೇರೆ, ಸಾಮಾನಿನ ಲೆಕ್ಕ ಬೇರೆ, ಮೇಷ್ಟ್ರೇ. 2018ರ ಜುಲೈಯಿಂದ ಒಬ್ಬ ಸೈನಿಕನಿಗೆ ತಿಂಗಳಿಗೆ 1,428 ಡಾಲರಿನಂತೆ ವಿಶ್ವಸಂಸ್ಥೆ ಅವನ ದೇಶಕ್ಕೆ ತುಂಬಿಕೊಡುತ್ತಿತ್ತು. ಪಡೆ ತನ್ನ ಜೊತೆ ತರುವ ಗಾಡಿ, ಜನರೇಟರ್, ರಾತ್ರಿ ನೋಡುವ ದುರ್ಬೀನು ಮೊದಲಾದವಕ್ಕೆ ಒಪ್ಪಂದದ ಪ್ರಕಾರ ಪ್ರತ್ಯೇಕ ದರವಿದೆ. ಆ ದರಗಳನ್ನು ಮೂರು ವರ್ಷಕ್ಕೊಮ್ಮೆ ಕುಳಿತು ಪರಿಷ್ಕರಿಸುತ್ತಾರೆ. ತಪಾಸಣೆಗೆ ಬಂದಾಗ ಸಾಮಾನು ಕೆಲಸ ಮಾಡದಿದ್ದರೆ ಆ ಹಣ ಕಡಿತ. ಹೀಗಿರುವಾಗ ಪಟ್ಟಿಯಲ್ಲಿ ಇರುವ ಸಾಮಾನನ್ನು ಉಜ್ಜಿ ಹೊಳೆಯುವಂತೆ ಇಟ್ಟುಕೊಳ್ಳುವ ಉತ್ಸಾಹ ಎಲ್ಲರಿಗೂ ಇರುತ್ತದೆ, ಪಟ್ಟಿಯಲ್ಲಿ ಇಲ್ಲದ ಹೊಸದನ್ನು ತರುವ ಉತ್ಸಾಹ ಯಾರಿಗೂ ಇರುವುದಿಲ್ಲ. ನಮ್ಮಲ್ಲಿ ದುರ್ಬೀನುಗಳು ಕಳೆದರೆ ವಿಚಾರಣೆ ಎದುರಿಸಬೇಕಲ್ಲ ಎಂದು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದಕ್ಕೇ ಹೆದರುತ್ತಿದ್ದವರನ್ನು ನಾನು ನೋಡಿದ್ದೇನೆ. ಅಗ್ಗದ ಸಾಮಾನಿನ ದೊಡ್ಡ ಗುಣ ಇದು: ಅದು ಮುರಿದರೆ ಯಾರೂ ವಿವರಣೆ ಕೇಳುವುದಿಲ್ಲ, ಆದ್ದರಿಂದ ಅದನ್ನು ನಿಜವಾಗಿ ಬಳಸುತ್ತಾರೆ.

ಕಾಡು ಸುತ್ತುವವನು, ಹುಣಸೂರು

ಈ ಕೊನೆಯ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆನೆ ತುಳಿದ ಕ್ಯಾಮೆರಾಕ್ಕೆ ನಾನು ಮೂರು ಪುಟ ವಿವರಣೆ ಬರೆದುಕೊಟ್ಟಿದ್ದೇನೆ. ಆನೆಯ ಸಹಿ ಒಂದನ್ನು ಮಾತ್ರ ಕೇಳಲಿಲ್ಲ.

ಗೋಕುಲಂ ಎಲೆಕ್ಟ್ರಾನಿಕ್ಸ್

ಹವಾಲ್ದಾರರೇ, ಕೊನೆಯದಾಗಿ ಒಂದು ಪ್ರಶ್ನೆ, ಏಕೆಂದರೆ ಈ ಚರ್ಚೆ ಓದಿದ ಮೇಲೆ ನನ್ನ ಟಿಫನ್ ಡಬ್ಬಿಯನ್ನು ಬಿಚ್ಚಿ ಬೇರೆ ಏನಾದರೂ ಮಾಡಬೇಕೆನಿಸಿದೆ. ನಿಮ್ಮನ್ನು ಮತ್ತೆ ಆ ಗುಡ್ಡಕ್ಕೆ ಕಳಿಸಿ, ಹತ್ತು ಸಾವಿರ ರೂಪಾಯಿಯೊಳಗೆ ಒಂದೇ ಒಂದು ಸಾಮಾನು ಒಯ್ಯಬಹುದು ಎಂದರೆ ಯಾವುದನ್ನು ಒಯ್ಯುತ್ತೀರಿ? ಜಿಯೋಫೋನೋ, ಕ್ಯಾಮೆರಾವೋ, ಸಣ್ಣ ಡ್ರೋನೋ?

ಹಳೇ ಹವಾಲ್ದಾರ, ಮದ್ದೂರು

ಮೂರೂ ಅಲ್ಲ. ಎದುರು ಗುಡ್ಡದ ಊರಿಗೆ ಕೊಟ್ಟ ಫೋನು ವಾರದಲ್ಲಿ ನಾಲ್ಕು ದಿನ ಸತ್ತಿರುತ್ತಿತ್ತು, ಏಕೆಂದರೆ ಆ ಊರಿಗೆ ಕರೆಂಟ್ ಇರಲಿಲ್ಲ. ಸಂತೆಯ ದಿನ ಅದನ್ನು ಪೇಟೆಗೆ ಒಯ್ದು, ಜನರೇಟರ್ ಇಟ್ಟುಕೊಂಡವನಿಗೆ ಚಿಲ್ಲರೆ ಕಾಸು ಕೊಟ್ಟು, ಸಂಜೆಯವರೆಗೆ ಕಾದು ಚಾರ್ಜ್ ಮಾಡಿಸಿಕೊಂಡು ಹೋಗುತ್ತಿದ್ದರು. ಶನಿವಾರ ಸಂತೆಯಾದರೆ ಬುಧವಾರದ ಹೊತ್ತಿಗೆ ನಮಗೆ ಆ ಊರು ಕಿವುಡಾಗುತ್ತಿತ್ತು, ಇದು ನಮಗೆ ಗೊತ್ತಿದ್ದಂತೆ ಗುಂಪಿನವರಿಗೂ ಗೊತ್ತಿತ್ತು. ನಾನು ಒಯ್ಯುವುದಾದರೆ ಒಂದು ಸೋಲಾರ್ ಫಲಕ, ಎಲ್ಲ ಬಗೆಯ ಫೋನಿಗೂ ಹೊಂದುವ ನಾಲ್ಕಾರು ವೈರು. ಊರಿನವರೆಲ್ಲರ ಫೋನೂ ಅದರಲ್ಲೇ ಚಾರ್ಜ್ ಆಗುವಂತಿದ್ದರೆ ನಮ್ಮ ಫೋನು ಯಾರದೆಂದು ಯಾರಿಗೂ ತಿಳಿಯುವುದಿಲ್ಲ. ವಕೀಲರ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತಾಗುತ್ತದೆ.

ನಾಲೆ ಬಯಲು, ಪಾಂಡವಪುರ

ನಮ್ಮ ಹುಣಸೆ ಮರದ ಮೇಲೆ ಒಂದು ಖಾಲಿ ಇದೆ, ಹವಾಲ್ದಾರರೇ. ಹತ್ತಿ ಬಿಚ್ಚಿಕೊಳ್ಳುವುದಾದರೆ ಭಾನುವಾರ ಬನ್ನಿ, ಊಟಕ್ಕೂ ಇಲ್ಲೇ ಇರಿ.